ಠಗ್ಗರ ಜಾಡು ಹಿಡಿದ ಮೆಡೋಸ್ ಟೇಲರ್

ಮಾಜಿವಾಡಾದ ನಾಕೆಯಲ್ಲಿ ನಾಶಿಕದ ಹೆದ್ದಾರಿಯೂ ಘೋಡಬಂದರ ರಸ್ತೆಯೂ ಕೂಡುವೆಡೆ ಊರಿಗೆ ಹೊರಟ ನಾವು, ಮುಖಪರಿಚಯವಿಲ್ಲದವನ ಪಕ್ಕದಲ್ಲಿ ಕುಳಿತು ನಿಶ್ಚಿಂತೆಯಿಂದ ನಿದ್ರಿಸುತ್ತೇವೆ. ಇನ್ನೂರು ವರ್ಷಗಳ ಹಿಂದೆ ದಖ್ಖನದ ದಾರಿಗಳಲ್ಲಿ ಆ ನಿದ್ರೆ ಅಪಾಯಕರವಾಗಿತ್ತು. ಸಹಪ್ರಯಾಣಿಕರ ವೇಷದಲ್ಲಿ ಜೊತೆಗೂಡಿ, ದಿನಗಟ್ಟಲೆ ಸವಿಮಾತಾಡಿ, ನಂಬಿದವರ ಕೊರಳಿಗೆ ರುಮಾಲು ಬಿಗಿದು ಕೊಂದು ಹೂಳುತ್ತಿದ್ದ ಠಗ್ಗರ ಕಾಲವದು. ಅವರ ಜಾಡು ಹಿಡಿದವರಲ್ಲೊಬ್ಬನು ನಮ್ಮ ಸುರಪುರದೊಡನೆ ಹೆಸರು ಬೆಸೆದುಕೊಂಡ ಫಿಲಿಪ್ ಮೆಡೋಸ್ ಟೇಲರ್.

ಈತನು 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಜನಿಸಿದನು. 1824ರಲ್ಲಿ, ಇನ್ನೂ ಹದಿನೈದರ ಹುಡುಗನಾಗಿದ್ದಾಗ, ವ್ಯಾಪಾರಿಯೊಬ್ಬನ ಕೈಕೆಳಗೆ ದುಡಿಯಲೆಂದು ಮುಂಬಯಿಗೆ ಬಂದಿಳಿದನು. ಧಣಿಯ ವ್ಯಾಪಾರ ಕುಸಿದಿತ್ತು. ಹೊಟ್ಟೆಪಾಡಿಗೆ ಮುಂಬಯಿ ಸೇರಿದ ನಮಗೆ ಅವನ ಪೇಚು ಅಪರಿಚಿತವಲ್ಲ. ಅದೇ ವರ್ಷ ನಿಜಾಮರ ಸೈನ್ಯದಲ್ಲಿ ಕೆಲಸ ದೊರೆಯಿತು. ದೇಶಭಾಷೆಗಳನ್ನೂ ಭೂಮಾಪನವನ್ನೂ ಕಾನೂನನ್ನೂ ಸ್ವಪ್ರಯತ್ನದಿಂದಲೇ ಕಲಿತನು.

ನಿಜಾಮರ ಸೀಮೆಯ ನೈರುತ್ಯ ಭಾಗದಲ್ಲಿ ಪೊಲೀಸು ಅಧಿಕಾರಿಯಾಗಿದ್ದಾಗ ದಾರಿಬದಿಯ ಹೆಣಗಳ ಸುದ್ದಿ ಅವನ ಕಿವಿಗೆ ಬಿದ್ದಿತು. ಬೆನ್ನುಹತ್ತಿ ವಿಚಾರಣೆ ನಡೆಸುತ್ತಿರುವಾಗಲೇ ದಂಡಿಗೆ ಮರಳುವ ಆಜ್ಞೆ ಬಂದಿತು. ಮುಂದೆ ಠಗ್ಗರನ್ನು ಬಯಲಿಗೆಳೆದ ಕೀರ್ತಿ ವಿಲಿಯಂ ಸ್ಲೀಮನ್ನನ ಪಾಲಾಯಿತು. ಕೈಗೆ ಬಂದದ್ದು ತಪ್ಪಿತೆಂಬ ಕೊರಗು ಟೇಲರನನ್ನು ಕೊನೆತನಕ ಬಿಡಲಿಲ್ಲ. ಆದರೂ ಹಿಡಿದ ಠಗ್ಗರು ಮಾಫಿಸಾಕ್ಷಿಗಳಾಗಿ ಒಬ್ಬರನ್ನೊಬ್ಬರು ತೋರಿಸಿಕೊಡತೊಡಗಿದಾಗ, ಅವರ ಹೇಳಿಕೆಗಳನ್ನು ಬರೆದುಕೊಳ್ಳುವ ಕೆಲಸ ಅವನಿಗೂ ಬಂದಿತು. ಇಂಥ ಸಾಕ್ಷ್ಯವನ್ನು ಎಷ್ಟು ನಂಬಬೇಕೆಂಬ ಬಗ್ಗೆ ಇಂದಿನ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. 1836ರ ಕಾನೂನಿನಂತೆ ಠಗ್ಗರ ತಂಡಕ್ಕೆ ಸೇರಿದ್ದನೆಂಬುದು ರುಜುವಾತಾದರೆ ಸಾಕು, ಜೀವಾವಧಿ ಸೆರೆ. ಇದು ಕಠಿನವೇ ಸರಿ ಎಂದು ನಮಗೆ ತೋರುತ್ತದೆ.

ಆ ಹೇಳಿಕೆಗಳಿಂದ ಹುಟ್ಟಿದ್ದೇ 1839ರಲ್ಲಿ ಪ್ರಕಟವಾದ, ಠಗ್ಗನೊಬ್ಬನ ತಪ್ಪೊಪ್ಪಿಗೆಯ ರೂಪದ ಕಾದಂಬರಿ. ಅದರ ಅಮೀರ್ ಅಲಿಯು 719 ಕೊಲೆಗಳ ಲೆಕ್ಕವನ್ನು ಪಶ್ಚಾತ್ತಾಪವಿಲ್ಲದೆ ಒಪ್ಪಿಸುತ್ತಾನೆ. ಸಾಹೇಬನು ಕೇಳುತ್ತಾ ಕುಳಿತಿರುತ್ತಾನೆ. ಷರ್ಲಾಕ್ ಹೋಮ್ಸನು ಅಚ್ಚಿನಲ್ಲಿ ಕಾಣಿಸಿಕೊಂಡದ್ದು ಇದಾದ 48 ವರ್ಷಗಳ ಮೇಲೆ ಎಂಬುದನ್ನು ಪತ್ತೇದಾರಿ ಕಥೆಗಳ ಪ್ರಿಯರಾದ ವಾಚಕರು ಗಮನಿಸಬೇಕು.

1841ರಲ್ಲಿ ಟೇಲರನು ಸುರಪುರ ಸಂಸ್ಥಾನಕ್ಕೆ ಬಂದನು. ದೊರೆ ವೆಂಕಟಪ್ಪ ನಾಯಕನು ಆಗಿನ್ನೂ ಬಾಲಕ. ಟೇಲರನನ್ನು ಅಪ್ಪಾ ಎಂದೇ ಕರೆಯುತ್ತಿದ್ದನು. 1853ರವರೆಗೆ ಅಲ್ಲಿಯ ಆಡಳಿತವನ್ನು ನೋಡಿಕೊಂಡ ಟೇಲರನು ಬಿಡುವಿನಲ್ಲಿ ರಾಜನಕೋಳೂರು, ಜೇವರ್ಗಿಗಳ ಪ್ರಾಚೀನ ಕಲ್ಗೋರಿಗಳನ್ನು ಪರಿಶೋಧಿಸಿದನು. ಬೆಟ್ಟದ ಮೇಲಿನ ಅವನ ಮನೆಗೆ ಟೇಲರ್ ಮಂಜಿಲ್ ಎಂಬ ಹೆಸರು ನಿಂತಿತು.

1858ರಲ್ಲಿ ಅದೇ ಬಾಲಕನು, ತರುಣ ದೊರೆಯಾಗಿ, ಆಂಗ್ಲರ ಮೇಲೆ ಕತ್ತಿ ಹಿರಿದು ಸೋತು ಸೆರೆಸಿಕ್ಕನು. ಸೆರೆಯಲ್ಲಿ ಅವನನ್ನು ಕಾಣಲು ಹೋದವರಲ್ಲಿ ಟೇಲರನೂ ಇದ್ದನು. ಅಪರಾಧಿಗಳ ಬಾಯಿಬಿಡಿಸುವುದರಲ್ಲಿ ನುರಿತವನಿಗೆ ಈ ಭೇಟಿಯು ಎಷ್ಟು ಭಾರವಾಗಿದ್ದೀತೆಂದು ನಾವು ಊಹಿಸಬಲ್ಲೆವು. ಮರಣದಂಡನೆಯು ಕೆಲವು ವರ್ಷಗಳ ಸೆರೆವಾಸಕ್ಕೆ ಇಳಿಯಿತು. ಆದರೆ ಮದರಾಸು ಸೀಮೆಗೆ ಒಯ್ಯುವ ದಾರಿಯಲ್ಲಿ ದೊರೆಯು ಗುಂಡೇಟಿನಿಂದ ತೀರಿಕೊಂಡನು. ಟೇಲರನು ಅದನ್ನು ಆತ್ಮಹತ್ಯೆ ಎಂದೇ ತಿಳಿದನು. ಸುರಪುರದ ಕಡೆಯವರೆಲ್ಲರೂ ಹಾಗೆ ಒಪ್ಪುವುದಿಲ್ಲ.

ಟೇಲರನು 1860ರಲ್ಲಿ ಸ್ವದೇಶಕ್ಕೆ ಮರಳಿದನು. 1875ರಲ್ಲಿ ದೃಷ್ಟಿ ಕುಂದಿದ್ದರೂ ಹೈದರಾಬಾದಿಗೆ ಮತ್ತೊಮ್ಮೆ ಬಂದನು. ಇಲ್ಲಿ ಜ್ವರ ತಗುಲಿತು. ಹಿಂದಿರುಗುವಾಗ 1876ರ ಮೇ ತಿಂಗಳಲ್ಲಿ ಫ್ರಾನ್ಸಿನ ಮಾಂಟೋನಿನಲ್ಲಿ ದಾರಿಮಧ್ಯದಲ್ಲೇ ಮಡಿದನು.