ಮೇರಿ ಶೆಲ್ಲಿ

2020ನೆಯ ಇಸವಿಯಲ್ಲಿ ಕೊರೋನ ವ್ಯಾಧಿ ಹಬ್ಬಿ ಶಾಲೆಗಳ ಬಾಗಿಲು ಮುಚ್ಚಿದ್ದಾಗ, ದಿನದಿನವೂ ನಾವು ಸತ್ತವರ ಸಂಖ್ಯೆಯನ್ನು ಕೇಳುತ್ತಿದ್ದೆವು. ಊರಿನಲ್ಲಿ ತೀರಿಕೊಂಡ ಹಿರಿಯರ ಮುಖವನ್ನು ಕಡೆಯ ಬಾರಿ ಕಾಣಲಾರದೆ ಈ ನಗರದಲ್ಲಿಯೇ ಕುಳಿತು ಅತ್ತವರು ನಮ್ಮಲ್ಲಿಯೂ ಇದ್ದಾರೆ. ಇಂಥ ದುಃಖವನ್ನು ಸುಮಾರು ಇನ್ನೂರು ವರ್ಷಗಳ ಹಿಂದೆಯೇ ಕಥೆಯಾಗಿ ಬರೆದ ಲೇಖಕಿಯೊಬ್ಬಳ ಚರಿತ್ರೆಯನ್ನು ಇಲ್ಲಿ ಹೇಳುತ್ತೇವೆ.

ಮೇರಿಯು 1797ನೆಯ ಆಗಸ್ಟ್ 30ರಂದು ಲಂಡನ್ನಿನಲ್ಲಿ ಜನಿಸಿದಳು. ತಂದೆ ವಿಲಿಯಂ ಗಾಡ್ವಿನ್ ತತ್ತ್ವಚಿಂತಕ. ತಾಯಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಸ್ತ್ರೀಯರ ಹಕ್ಕುಗಳನ್ನು ಕುರಿತು ಗ್ರಂಥ ಬರೆದ ಧೀರೆ. ಮಗು ಹುಟ್ಟಿದ ಹನ್ನೊಂದು ದಿನಗಳಲ್ಲಿ ತಾಯಿ ಬಾಣಂತಿ ಜ್ವರದಿಂದ ಮಡಿದಳು. ತಾಯಿಯ ಮುಖವನ್ನರಿಯದ ಬಾಲೆ ತಂದೆಯ ಪುಸ್ತಕಗಳ ನಡುವೆ ಬೆಳೆದಳು. 1816ರಲ್ಲಿ ಕವಿ ಪರ್ಸಿ ಶೆಲ್ಲಿಯೊಡನೆ ಆಕೆಯ ವಿವಾಹವಾಯಿತು. 1818ರಲ್ಲಿ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿ ಪ್ರಕಟವಾದಾಗ ಆಕೆಗೆ ಕೇವಲ ಇಪ್ಪತ್ತು ವರ್ಷ.

ಕೀರ್ತಿಯ ಜೊತೆಗೇ ಸಾವುಗಳೂ ಬಂದವು. ಮೊದಲ ಹೆಣ್ಣುಕೂಸು 1815ರಲ್ಲಿಯೇ ಕೆಲವು ದಿನ ಬದುಕಿ ತೀರಿಹೋಗಿತ್ತು. 1818ರಲ್ಲಿ ವೆನಿಸ್ ನಗರದಲ್ಲಿ ಮಗಳು ಕ್ಲಾರಾ, 1819ರಲ್ಲಿ ರೋಮಿನಲ್ಲಿ ಮಗ ವಿಲಿಯಂ ಅಗಲಿದರು. 1822ರ ಜುಲೈನಲ್ಲಿ ಇಟಲಿಯ ಕಡಲಿನಲ್ಲಿ ದೋಣಿ ಮುಳುಗಿ ಪತಿಯೂ ಮೃತನಾದ. ಇಪ್ಪತ್ತನಾಲ್ಕರ ವಿಧವೆಗೆ ಉಳಿದವನು ಒಬ್ಬನೇ ಮಗ. ಆಕೆ ಲೇಖನಿಯಿಂದಲೂ ಸಂಪಾದಿಸಿ ಅವನನ್ನು ಸಲಹಿದಳು.

1826ರಲ್ಲಿ ‘ಕೊನೆಯ ಮನುಷ್ಯ’ ಎಂಬ ಆಕೆಯ ಕಾದಂಬರಿ ಹೊರಬಂದಿತು. ಇಪ್ಪತ್ತೊಂದನೆಯ ಶತಮಾನದ ಕೊನೆಯಲ್ಲಿ ಮಹಾಮಾರಿಯೊಂದು ಹರಡಿ ಮನುಕುಲವೇ ಅಳಿಯುವ ಕಥೆಯಿದು. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ವ್ಯಾಧಿ ನಿಂತ ಮೇಲೂ ಸಾವು ನಿಲ್ಲುವುದಿಲ್ಲ. ಬದುಕುಳಿದ ಏಡ್ರಿಯನ್ ಎಂಬ ಗೆಳೆಯನೂ ಕ್ಲಾರಾ ಎಂಬ ಹುಡುಗಿಯೂ ಸಮುದ್ರದಲ್ಲಿ ಮುಳುಗುತ್ತಾರೆ. ಒಂಟಿಯಾದ ವರ್ನಿ ರೋಮಿಗೆ ಬಂದು, ಓದುವವರು ಯಾರೂ ಇಲ್ಲದಿದ್ದರೂ ಅಗಲಿದವರ ಕಥೆಯನ್ನು ಬರೆದಿಡುತ್ತಾನೆ. ಪತಿಯನ್ನು ನುಂಗಿದ ಕಡಲು, ಮಗಳ ಹೆಸರು, ಮಗನನ್ನು ಮಣ್ಣುಮಾಡಿದ ನಗರ, ಈ ಮೂರೂ ಅಲ್ಲಿ ಒಂದುಗೂಡಿವೆ. ಲೋಕವೆಲ್ಲ ಅಳಿಯುವ ಕಥೆಯೊಳಗೆ ತಾಯಿಯೊಬ್ಬಳು ತನ್ನ ಮನೆಯವರನ್ನು ನೆನೆದು ಅತ್ತಿದ್ದಾಳೆ.

ಅಂದಿನ ವಿಮರ್ಶಕರು ಗ್ರಂಥವನ್ನು ಹಳಿದರು. ಬಹುಕಾಲ ಮರೆಯಾಗಿದ್ದ ಅದು 1965ರಲ್ಲಿ ಮತ್ತೆ ಅಚ್ಚಾಯಿತು. ಮೇರಿ ಎದೆಗುಂದದೆ ಬರೆಯುತ್ತಲೇ ಇದ್ದಳು. 1839ರಲ್ಲಿ ಪತಿಯ ಕವಿತೆಗಳನ್ನು ಸಂಪಾದಿಸಿ ಪ್ರಕಟಿಸಿದಳು. 1851ನೆಯ ಫೆಬ್ರವರಿ 1ರಂದು ಲಂಡನ್ನಿನಲ್ಲಿ ಕಾಲವಾದಳು.

ಬಾಲಕ ಬಾಲಕಿಯರೇ, ಸಂಖ್ಯೆಗೆ ಮುಖವಿಲ್ಲ, ಹೆಸರಿಗೆ ಮುಖವುಂಟು. ನಮ್ಮನ್ನಗಲಿದ ಅಜ್ಜ ಅಜ್ಜಿಯರ ಹೆಸರನ್ನೂ ಅವರು ಹೇಳಿದ ಒಂದು ಮಾತನ್ನೂ ನಾವು ನಮ್ಮ ನೋಟುಪುಸ್ತಕದಲ್ಲಿ ಬರೆದಿಡೋಣ. ವರ್ನಿಗೆ ಓದುಗರಿರಲಿಲ್ಲ, ನಮಗೆ ಮನೆಯಲ್ಲಿಯೇ ಇದ್ದಾರೆ.