ಚಾರ್ಲ್ಸ್ ಬ್ಲಾಗ್ಡೆನ್

ಸರ್ ಚಾರ್ಲ್ಸ್ ಬ್ಲಾಗ್ಡೆನ್ (ಏಪ್ರಿಲ್ 17, 1748 – ಮಾರ್ಚ್ 26, 1820) ಇಂಗ್ಲೆಂಡಿನ ವೈದ್ಯರು ಹಾಗೂ ವಿಜ್ಞಾನಿ. ನೀರಿನಲ್ಲಿ ಕರಗಿದ ಲವಣದ ಪ್ರಮಾಣಕ್ಕೆ ಅನುಗುಣವಾಗಿ ಅದರ ಘನೀಭವನ ಬಿಂದು ತಗ್ಗುತ್ತದೆ ಎಂಬ ನಿಯಮಕ್ಕೆ ಅವರ ಹೆಸರಿದೆ.

ಆರಂಭಿಕ ಜೀವನ

ಬ್ಲಾಗ್ಡೆನ್ ಗ್ಲಾಸ್ಟರ್‌ಷೈರ್‌ನ ವಾಟನ್-ಅಂಡರ್-ಎಡ್ಜ್ ಎಂಬಲ್ಲಿ ಜನಿಸಿದರು. ಎಡಿನ್‌ಬರೊ ವಿಶ್ವವಿದ್ಯಾಲಯದಿಂದ 1768ರಲ್ಲಿ ವೈದ್ಯಪದವಿ ಪಡೆದರು. ಗುಪ್ತೋಷ್ಣ ಮತ್ತು ಉಷ್ಣಧಾರಕತೆಯ ಪರಿಕಲ್ಪನೆಗಳನ್ನು ರೂಪಿಸಿದ ಜೋಸೆಫ್ ಬ್ಲ್ಯಾಕ್ ಆಗ ಅಲ್ಲಿ ಬೋಧಿಸುತ್ತಿದ್ದರು. 1772ರಲ್ಲಿ ಬ್ಲಾಗ್ಡೆನ್ ರಾಯಲ್ ಸೊಸೈಟಿಯ ಸದಸ್ಯರಾದರು.

ಬಿಸಿ ಕೋಣೆಯ ಪ್ರಯೋಗಗಳು

1774ರಲ್ಲಿ ಜಾರ್ಜ್ ಫೋರ್ಡೈಸ್, ಜೋಸೆಫ್ ಬ್ಯಾಂಕ್ಸ್, ಡೇನಿಯಲ್ ಸೊಲಾಂಡರ್ ಮೊದಲಾದವರೊಡನೆ ಬ್ಲಾಗ್ಡೆನ್ ಒಣ ಗಾಳಿಯ ಬಿಸಿ ಕೋಣೆಯನ್ನು ಪ್ರವೇಶಿಸಿ ದೇಹದ ಉಷ್ಣತೆಯನ್ನು ಪರೀಕ್ಷಿಸಿದರು. ಒಮ್ಮೆ ಅವರು 260 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು 127 ಡಿಗ್ರಿ ಸೆಲ್ಸಿಯಸ್) ಬಿಸಿಯಲ್ಲಿ 8 ನಿಮಿಷ ಇದ್ದರು. ಅಂತಹ ಕೋಣೆಯಲ್ಲಿ ಮೊಟ್ಟೆಯೂ ಮಾಂಸವೂ ಬೆಂದವು. ಮನುಷ್ಯದೇಹದ ಉಷ್ಣತೆ ಮಾತ್ರ ಹೆಚ್ಚು ಬದಲಾಗಲಿಲ್ಲ.

ಇದೇ ಕೋಣೆಯಲ್ಲಿ ನಡೆಸಿದ ನೀರಿನ ಪರೀಕ್ಷೆಗೆ ಸಿಕ್ಕ ಪ್ರಚಾರ ಕಡಿಮೆ, ಮಹತ್ವ ಹೆಚ್ಚು. ತೆರೆದ ಪಾತ್ರೆಯ ಶುದ್ಧ ನೀರು ಎಷ್ಟು ಹೊತ್ತು ಇಟ್ಟರೂ ಕುದಿಯಲಿಲ್ಲ, ಮೇಲೆ ಎಣ್ಣೆಯ ಪದರವಿದ್ದ ನೀರು ಕುದಿಯಿತು. ಉಪ್ಪಿನ ಪರ್ಯಾಪ್ತ ದ್ರಾವಣವು ಶುದ್ಧ ನೀರಿಗಿಂತ ಬೇಗನೆ ಹಾಗೂ ಹೆಚ್ಚು ಬಿಸಿಯಾಯಿತು. ಉಪ್ಪುನೀರು ಕಡಿಮೆ ಆವಿಯಾಗುವುದೇ ಇದಕ್ಕೆ ಕಾರಣವಿರಬೇಕೆಂದು ಬ್ಲಾಗ್ಡೆನ್ ಊಹಿಸಿದರು. ಊಹೆ ಸರಿಯಾದುದೇ. ಇದರ ಜೊತೆಗೆ ಉಪ್ಪುನೀರಿನ ಉಷ್ಣಧಾರಕತೆಯೂ ಕಡಿಮೆ. 1 ಕಿಲೋಗ್ರಾಂ ಶುದ್ಧ ನೀರನ್ನು 1 ಡಿಗ್ರಿ ಸೆಲ್ಸಿಯಸ್ ಬಿಸಿಮಾಡಲು ಸುಮಾರು 4.18 ಕಿಲೋಜೌಲ್ ಬೇಕಾದರೆ, ಸಮುದ್ರದ ನೀರಿಗೆ ಸುಮಾರು 4 ಕಿಲೋಜೌಲ್, ಪರ್ಯಾಪ್ತ ಉಪ್ಪುನೀರಿಗೆ ಸುಮಾರು 3.3 ಕಿಲೋಜೌಲ್ ಸಾಕು. ಲವಣದ ಅಯಾನುಗಳು ಸುತ್ತಲಿನ ನೀರಿನ ಅಣುಗಳನ್ನು ಬಿಗಿಹಿಡಿಯುವುದರಿಂದ ಆ ಅಣುಗಳು ಉಷ್ಣವನ್ನು ಮೊದಲಿನಷ್ಟು ಹೀರಿಕೊಳ್ಳಲಾರವು. ಆದರೆ ಉಪ್ಪುನೀರು ಹೆಚ್ಚು ಸಾಂದ್ರವಾದ್ದರಿಂದ, ಸಮಾನ ಗಾತ್ರದ ನೀರನ್ನು ಹೋಲಿಸಿದರೆ ಈ ವ್ಯತ್ಯಾಸ ಬಹಳ ಕಿರಿದಾಗುತ್ತದೆ.

ಸಮುದ್ರಯಾನ

ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಬ್ಲಾಗ್ಡೆನ್ ಬ್ರಿಟಿಷ್ ಸೇನೆಯ ವೈದ್ಯರಾಗಿದ್ದರು. 1776ರ ಪ್ರಯಾಣದಲ್ಲಿ ಗಲ್ಫ್ ಪ್ರವಾಹದ ನೀರು ಅಕ್ಕಪಕ್ಕದ ಕಡಲಿಗಿಂತ ಹಲವು ಡಿಗ್ರಿ ಬೆಚ್ಚಗಿರುವುದನ್ನು ಅಳೆದು, ನಾವಿಕರು ಉಷ್ಣತಾಮಾಪಕದಿಂದಲೇ ಪ್ರವಾಹವನ್ನು ಗುರುತಿಸಬಹುದೆಂದು ತೋರಿಸಿದರು. ಬೆಂಜಮಿನ್ ಫ್ರಾಂಕ್ಲಿನ್ ಇದಕ್ಕೆ ಒಂದು ವರ್ಷ ಮೊದಲೇ ಇಂತಹ ಅಳತೆ ಮಾಡಿದ್ದರು.

ಬ್ಲಾಗ್ಡೆನ್ ನಿಯಮ

1788ರಲ್ಲಿ ಪ್ರಕಟವಾದ ಎರಡು ಪ್ರಬಂಧಗಳು ಅವರ ಮುಖ್ಯ ಕೊಡುಗೆ. ಅಡುಗೆ ಉಪ್ಪು, ಪೆಟ್ಲುಪ್ಪು, ನವಸಾಗರ ಮೊದಲಾದವುಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಕರಗಿಸಿ, ಪ್ರತಿ ದ್ರಾವಣವು ಹೆಪ್ಪುಗಟ್ಟುವ ಉಷ್ಣತೆಯನ್ನು ಅವರು ಗುರುತಿಸಿದರು. ಲವಣ ಇಮ್ಮಡಿಯಾದರೆ ಇಳಿಕೆಯೂ ಇಮ್ಮಡಿಯಾಗುತ್ತದೆ. ದುರ್ಬಲ ದ್ರಾವಣಗಳಲ್ಲಿ ಇದು ಚೆನ್ನಾಗಿ ಹೊಂದುತ್ತದೆ. ಸಮುದ್ರದ ನೀರು ಸುಮಾರು −1.9 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುವುದು ಈ ಕಾರಣದಿಂದಲೇ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯ ಎಳನೀರು ಕೂಡ, ಅದರಲ್ಲಿ ಕರಗಿರುವ ಸಕ್ಕರೆ ಮತ್ತು ಪೊಟ್ಯಾಸಿಯಂ ಲವಣಗಳಿಂದಾಗಿ, ಸೊನ್ನೆಗಿಂತ ಸ್ವಲ್ಪ ಕೆಳಗೆ ಹೆಪ್ಪುಗಟ್ಟುತ್ತದೆ.

ರಿಚರ್ಡ್ ವಾಟ್ಸನ್ 1771ರಲ್ಲಿಯೇ ಇದನ್ನು ಗಮನಿಸಿದ್ದರಿಂದ ನಿಯಮದ ಹೆಸರು ಪೂರ್ತಿ ನ್ಯಾಯವಾದುದೆನ್ನಲಾಗದು. ಈ ಪ್ರಬಂಧಗಳಿಗಾಗಿ ಬ್ಲಾಗ್ಡೆನ್ 1788ರ ಕಾಪ್ಲಿ ಪದಕವನ್ನು ಪಡೆದರು. ನಿಯಮದ ಹಿಂದಿನ ಕಾರಣ ಸ್ಪಷ್ಟವಾದದ್ದು ಸುಮಾರು ಒಂದು ಶತಮಾನದ ಅನಂತರ, ರೌಲ್ಟ್, ವಾನ್ಟ್ ಹಾಫ್ ಮತ್ತು ಅರ್ಹೇನಿಯಸ್‌ರ ಕೆಲಸದಿಂದ.

ನೀರಿನ ವಿವಾದ

1782ರಿಂದ ಬ್ಲಾಗ್ಡೆನ್ ಹೆನ್ರಿ ಕ್ಯಾವೆಂಡಿಶ್‌ರ ಸಹಾಯಕರಾಗಿದ್ದರು. ಜಲಜನಕವನ್ನು ಉರಿಸಿದರೆ ನೀರು ದೊರೆಯುತ್ತದೆಂಬ ಕ್ಯಾವೆಂಡಿಶ್‌ರ ಫಲಿತಾಂಶವನ್ನು 1783ರ ಜೂನ್‌ನಲ್ಲಿ ಪ್ಯಾರಿಸ್‌ಗೆ ಹೋದಾಗ ಅವರು ಲಾವಾಸಿಯೇಗೆ ತಿಳಿಸಿದರು. ಲಾವಾಸಿಯೇ ಅದೇ ತಿಂಗಳು ಪ್ರಯೋಗವನ್ನು ಮಾಡಿ ತೋರಿಸಿದರು. ಜೇಮ್ಸ್ ವಾಟ್ ಕೂಡ ತಮ್ಮ ಹಕ್ಕು ಮಂಡಿಸಿದ್ದರಿಂದ ನೀರಿನ ಸಂಯೋಜನೆಯನ್ನು ಮೊದಲು ಕಂಡವರು ಯಾರೆಂಬ ಜಗಳ ಎದ್ದಿತು. ಕ್ಯಾವೆಂಡಿಶ್‌ರ ಹಸ್ತಪ್ರತಿಗೆ ಕೆಲವು ಸಾಲು ಸೇರಿಸಿದವರೂ ಬ್ಲಾಗ್ಡೆನ್ ಆಗಿದ್ದ ಕಾರಣ 19ನೆಯ ಶತಮಾನದಲ್ಲಿ ಅವರ ಪ್ರಾಮಾಣಿಕತೆಯನ್ನೇ ಪ್ರಶ್ನಿಸಲಾಯಿತು.

ಕೊನೆಯ ವರ್ಷಗಳು

1784ರಿಂದ 1797ರವರೆಗೆ ಅವರು ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿದ್ದರು. 1792ರಲ್ಲಿ ನೈಟ್ ಪದವಿ ದೊರೆಯಿತು. ಕ್ಯಾವೆಂಡಿಶ್ ತಮ್ಮ ಉಯಿಲಿನಲ್ಲಿ ಅವರಿಗೆ 15,000 ಪೌಂಡ್ ಬಿಟ್ಟುಹೋದರು. ಫ್ರೆಂಚ್ ವಿಜ್ಞಾನಿಗಳೊಡನೆ ಕೊನೆಯವರೆಗೂ ಸ್ನೇಹವಿರಿಸಿಕೊಂಡಿದ್ದ ಬ್ಲಾಗ್ಡೆನ್, ಪ್ಯಾರಿಸ್ ಸಮೀಪದ ಆರ್ಕಾಯ್‌ನಲ್ಲಿ ರಸಾಯನಶಾಸ್ತ್ರಜ್ಞ ಬರ್ತೊಲೆ ಅವರ ಮನೆಯಲ್ಲಿ ನಿಧನರಾದರು.