ಋಣಭಾರದ ಅಂತರಂಗವನ್ನರಿತ ಶಿವರಾಮ ಕಾರಂತರು

ಇಂದಿನ ಉಡುಪಿ ಜಿಲ್ಲೆಯ ಕೋಟ ಗ್ರಾಮದಲ್ಲಿ ೧೯೦೨ನೆಯ ಇಸವಿ ಅಕ್ಟೋಬರ್ ೧೦ರಂದು ಶಿವರಾಮ ಕಾರಂತರು ಜನಿಸಿದರು. ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ಕಾಲೇಜು ವ್ಯಾಸಂಗವನ್ನು ನಡುವೆಯೇ ತೊರೆದರು. ಖಾದಿಪ್ರಚಾರ, ಪತ್ರಿಕೆ, ನಾಟಕ, ಮೂಕ ಚಲಚ್ಚಿತ್ರ ಎಂದು ಒಂದರಿಂದ ಇನ್ನೊಂದಕ್ಕೆ ಹಾಯ್ದರು. ಈ ಸಾಹಸಗಳಿಂದ ಲೋಕಾನುಭವ ಬೆಳೆಯಿತೇ ಹೊರತು ಧನವು ಬೆಳೆಯಲಿಲ್ಲ. ಹಣವಿಲ್ಲದವನ ಮನಸ್ಸು ಹೇಗೆ ಕುದಿಯುತ್ತದೆಂಬುದನ್ನು ಅವರು ಪುಸ್ತಕದಿಂದ ಅರಿಯಬೇಕಾಗಿರಲಿಲ್ಲ.

ಆ ಅರಿವಿನ ಮೊದಲ ಮಹಾಫಲವೇ ೧೯೩೩ರಲ್ಲಿ ಬಂದ ‘ಚೋಮನ ದುಡಿ’. ಅಸ್ಪೃಶ್ಯನೆಂದು ದೂರವಿರಿಸಲ್ಪಟ್ಟ ಜೀತದಾಳು ಚೋಮನಿಗೆ ಬದುಕಿನಲ್ಲಿ ಒಂದೇ ಆಸೆ: ತಾನು ಸಾಕಿದ ಎತ್ತುಗಳನ್ನು ಹೂಡಿ ತನ್ನದೆಂಬ ತುಂಡು ಭೂಮಿಯನ್ನು ಉಳಬೇಕು. ಒಡೆಯ ಸಂಕಪ್ಪಯ್ಯನ ಮನಸ್ಸು ಕೊಂಚ ಕರಗಿದರೂ ಆತನ ತಾಯಿ ಒಪ್ಪಲಿಲ್ಲ. ಇತ್ತ ಕಾಫಿ ತೋಟದ ಧಣಿಯ ಸಾಲ ಬಾಗಿಲಿಗೆ ಬಂದು ನಿಂತಿತು. ಅದನ್ನು ತೀರಿಸಲು ಘಟ್ಟ ಹತ್ತಿದ ಮಕ್ಕಳಲ್ಲಿ ಚನಿಯನು ಜ್ವರದಿಂದ ತೀರಿಕೊಂಡನು. ಗುರುವನು ಮತಾಂತರ ಹೊಂದಿ ದೂರವಾದನು. ಕೊನೆಗೆ ಮಗಳು ಬೆಳ್ಳಿಯ ಮಾನದ ಬೆಲೆಗೆ ಸಾಲ ತೀರಿತು. ಕಿರಿಯ ಮಗ ನೀಲನು ನೀರುಪಾಲಾಗುವಾಗ ನೋಡುತ್ತ ನಿಂತವರು ಮೈಲಿಗೆಗೆ ಅಂಜಿ ಕೈನೀಡಲಿಲ್ಲ.

ಕಾರಂತರು ಎಲ್ಲಿಯೂ ಚೋಮನನ್ನು ಮರುಳನೆಂದು ಕರೆಯುವುದಿಲ್ಲ. ಅವನ ಚಿತ್ತವಿಕಾರವನ್ನು ವಿವರಿಸಲು ಕುಳಿತುಕೊಳ್ಳುವುದೂ ಇಲ್ಲ. ದುಡಿಯೊಂದನ್ನು ಅವನ ಕೈಗೆ ಕೊಟ್ಟಿದ್ದಾರೆ. ಸಂತೋಷಕ್ಕೂ ಸಂಕಟಕ್ಕೂ ಸಿಟ್ಟಿಗೂ ಅವನು ಅದನ್ನೇ ಬಾರಿಸುತ್ತಾನೆ. ನಾಲಿಗೆಯಿಂದ ಹೊರಬಾರದುದು ಬೆರಳಿನಿಂದ ಹೊರಡುತ್ತದೆ. ಹೆಂಡ ಕುಡಿದು ಕೆಟ್ಟನೆಂದು ಊರವರು ಅಂಥವನನ್ನು ಹಳಿಯುವುದು ಸುಲಭ. ಕೆಟ್ಟದ್ದು ಎಲ್ಲಿಂದ ಮೊದಲಾಯಿತೆಂಬುದನ್ನು ಕಾರಂತರು ತೋರಿಸಿದರು. ಎಲ್ಲ ಆಸೆಯೂ ಹರಿದ ಮೇಲೆ ಚೋಮನು ಗುಡಿಸಲಿನ ಕತ್ತಲಲ್ಲಿ ದುಡಿಯನ್ನು ಬಾರಿಸುತ್ತಲೇ ಪ್ರಾಣ ಬಿಡುತ್ತಾನೆ.

ಈ ಕಥೆ ಕರಾವಳಿಯದಾದರೂ ಬೀದರ, ಭಾಲ್ಕಿ, ಔರಾದ ಸೀಮೆಯವರಿಗೆ ಪರಕೀಯವಲ್ಲ. ಬೀದರವನ್ನೊಳಗೊಂಡಿದ್ದ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಸಾಲಕ್ಕಾಗಿ ಮೈಯನ್ನೇ ಒತ್ತೆಯಿಡುವ ಪದ್ಧತಿಗೆ ಭಗೇಲಾ ಎಂಬ ಹೆಸರಿತ್ತು. ಅದನ್ನು ಹತೋಟಿಗೆ ತರಲು ೧೯೩೬ರಲ್ಲಿ ಸಂಸ್ಥಾನದ ಸರಕಾರವೇ ನಿಬಂಧನೆ ಹೊರಡಿಸಬೇಕಾಯಿತು. ಆದರೆ ಈ ನೆಲದ ಮಕ್ಕಳಿಗೆ ‘ಚೋಮನ ದುಡಿ’ಯನ್ನು ಓದುವ ಭಾಗ್ಯ ಸುಲಭವಾಗಿರಲಿಲ್ಲ, ಏಕೆಂದರೆ ಶಾಲೆಯ ಭಾಷೆ ಉರ್ದುವಾಗಿತ್ತು. ಅಂದು ಔರಾದ ತಾಲ್ಲೂಕಿಗೆ ಸೇರಿದ್ದ ಕಮಲನಗರದಲ್ಲಿ ಹುಟ್ಟಿ ಭಾಲ್ಕಿ ಹಿರೇಮಠದ ಪೀಠವನ್ನಲಂಕರಿಸಿದ ಪೂಜ್ಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದ ಕಾಲವದು.

ಬಡತನದ ಬೇಗೆಯನ್ನು ಕಾರಂತರು ಕೆಳಜಾತಿಯ ಗುಡಿಸಲಿಗಷ್ಟೇ ಸೀಮಿತಗೊಳಿಸಲಿಲ್ಲ. ‘ಮರಳಿ ಮಣ್ಣಿಗೆ’ಯಲ್ಲಿ ಐತಾಳರ ಮನೆತನದ ಮೂರು ತಲೆಮಾರುಗಳಿವೆ. ಇಂಗ್ಲಿಷ್ ಕಲಿತ ಲಚ್ಚನು ಆಸ್ತಿಯನ್ನು ಕಳೆಯುತ್ತಾನೆ. ಅವನ ಹೆಂಡತಿ ನಾಗವೇಣಿ ಒಳಗೊಳಗೇ ಬೇಯುತ್ತಾಳೆ. ಹಣ ಹೋದುದಕ್ಕಿಂತ, ಇದ್ದ ಮನೆಯಲ್ಲೇ ನೆಲೆ ತಪ್ಪಿದುದು ಅವಳನ್ನು ಹೆಚ್ಚು ಕೊರೆಯುತ್ತದೆ. ಚೋಮನಿಗೆ ದಕ್ಕದ ಬಿಡುಗಡೆ ಮಾತ್ರ ಈ ಮನೆತನಕ್ಕೆ ದಕ್ಕುತ್ತದೆ. ಪಟ್ಟಣಗಳಲ್ಲಿ ಕೆಲಸವನ್ನರಸಿ ಬಳಲಿದ ಮಗ ರಾಮನು ಊರ ಮಣ್ಣಿಗೇ ಹಿಂದಿರುಗಿ ಚೇತರಿಸಿಕೊಳ್ಳುತ್ತಾನೆ. ಹಿಂದಿರುಗಲು ಅವನಿಗೆ ಮಣ್ಣಾದರೂ ಇತ್ತು.

ತಮ್ಮ ಆತ್ಮಕಥೆಗೆ ಕಾರಂತರು ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದು ಹೆಸರಿಟ್ಟುದು ಸುಮ್ಮನೆಯಲ್ಲ. ‘ಮೂಕಜ್ಜಿಯ ಕನಸುಗಳು’ ೧೯೭೭ರ ಜ್ಞಾನಪೀಠ ಪ್ರಶಸ್ತಿಯನ್ನು ತಂದಿತು.

ಬಿ. ವಿ. ಕಾರಂತರ ನಿರ್ದೇಶನದಲ್ಲಿ ೧೯೭೫ರಲ್ಲಿ ‘ಚೋಮನ ದುಡಿ’ ಚಲಚ್ಚಿತ್ರವಾಗಿ ರಾಷ್ಟ್ರಪತಿಗಳ ಸ್ವರ್ಣಕಮಲವನ್ನು ಪಡೆಯಿತು. ಅಕ್ಷರ ಬಾರದವರ ಕಿವಿಗೂ ಆ ದುಡಿಯ ನಾದ ಮುಟ್ಟಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರ ಸರಕಾರವು ಸುಗ್ರೀವಾಜ್ಞೆಯಿಂದ ಜೀತಪದ್ಧತಿಯನ್ನು ರದ್ದುಪಡಿಸಿತು. ೧೯೭೬ರಲ್ಲಿ ಅದು ಶಾಸನವಾಯಿತು. ಅದು ತುರ್ತುಪರಿಸ್ಥಿತಿಯ ಕಾಲ. ಚೋಮನ ಸಂಕೋಲೆಯನ್ನು ಕಾಗದದ ಮೇಲೆ ಕಳಚಿದ ಆ ಸರಕಾರದ ನಡೆಯನ್ನು ಪ್ರತಿಭಟಿಸಿ, ಚೋಮನನ್ನು ಸೃಷ್ಟಿಸಿದವರು ತಮ್ಮ ಪದ್ಮಭೂಷಣವನ್ನು ಹಿಂದಿರುಗಿಸಿದರು. ಕಾರಂತರು ೧೯೯೭ರ ಡಿಸೆಂಬರ್ ೯ರಂದು ದಿವಂಗತರಾದರು.